ಮ್ಯೂನಿಕ್ ಕೆಲಸ, ಬ್ಲೂ ಕಾರ್ಡ್ ಮತ್ತು ಖಾಲಿ ಬಿಟ್ಟ ಸರ್‌ನೇಮ್

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವಯಸ್ಸು 34, ವಿಟಿಯು ಬಿಇ, ಕಂಪ್ಯೂಟರ್ ಸೈನ್ಸ್. ಮ್ಯೂನಿಕ್‌ನ ಕಂಪನಿಯೊಂದು ವರ್ಷಕ್ಕೆ 48,500 ಯೂರೋ ಸಂಬಳ, ಅದರ ಮೇಲೆ 5,000 ಯೂರೋವರೆಗೆ ಬೋನಸ್ ಎಂದು ಆಫರ್ ಕೊಟ್ಟಿದೆ. ಇನ್ನೂ ಸಹಿ ಹಾಕಿಲ್ಲ. ಹೆಂಡತಿ ಮತ್ತು ಮೂರು ವರ್ಷದ ಮಗಳು ಇದ್ದಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಬ್ಲೂ ಕಾರ್ಡ್ ಸಿಗುತ್ತದೆಯೇ? ಮೂವರೂ ಒಟ್ಟಿಗೆ ಹೋಗಬಹುದೇ? ಹೆಂಡತಿ ಜರ್ಮನ್ ಪರೀಕ್ಷೆ ಬರೆಯಬೇಕೇ? ಪರ್ಮನೆಂಟ್ ಆಗಲು ಎಷ್ಟು ವರ್ಷ?

ಉತ್ತರ: ಸಿಗುತ್ತದೆ. ಬ್ಲೂ ಕಾರ್ಡ್ ಅಂದರೆ ಹೊರದೇಶದ ಪದವೀಧರರಿಗೆ ಕೊಡುವ ಕೆಲಸ ಮತ್ತು ನಿವಾಸದ ಪರವಾನಗಿ. ಆದರೆ ಸಹಿ ಹಾಕುವ ಮೊದಲು ಕಂಪನಿಗೆ ಒಂದು ಮೇಲ್ ಕಳಿಸಿ. ಪಾಸ್‌ಪೋರ್ಟಿನ ಆ ಖಾಲಿ ಜಾಗದ ಬಗ್ಗೆಯೂ ಈಗಲೇ ತೀರ್ಮಾನ ಮಾಡಿ. ನಿಮ್ಮಂಥವರ ಫೈಲು ಅರ್ಹತೆಯಿಲ್ಲದೆ ತಿರಸ್ಕಾರವಾಗುವುದು ಅಪರೂಪ. ಹೆಸರು ಹೊಂದದೆ, ಕಾಗದ ಹಿಂದುಮುಂದಾಗಿ ಎರಡು ಮೂರು ತಿಂಗಳು ತೆವಳುವುದೇ ಹೆಚ್ಚು.

ಮೊದಲು ಸಂಬಳ. 2026ಕ್ಕೆ ಬ್ಲೂ ಕಾರ್ಡಿನ ಸಾಮಾನ್ಯ ಮಿತಿ ವರ್ಷಕ್ಕೆ 50,700 ಯೂರೋ, ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತ. ಕೆಲಸಗಾರರ ಕೊರತೆಯಿರುವ ವೃತ್ತಿಗಳಿಗೆ, ಇಲ್ಲವೇ ಓದು ಮುಗಿಸಿ ಮೂರು ವರ್ಷ ಮೀರದವರಿಗೆ ಕೆಳಗಿನ ಮಿತಿ, 45,934.20 ಯೂರೋ. ಐಟಿ ಕೊರತೆ ವೃತ್ತಿಗಳ ಪಟ್ಟಿಯಲ್ಲಿದೆ. ಹಾಗಾಗಿ 48,500ಕ್ಕೂ ನಿಮಗೆ ಬ್ಲೂ ಕಾರ್ಡ್ ದಾರಿ ತೆರೆದಿದೆ. ಬೋನಸ್ಸನ್ನು ಲೆಕ್ಕಕ್ಕೆ ಸೇರಿಸಬೇಡಿ. 'ಇಷ್ಟರವರೆಗೆ' ಎಂದು ಬರೆದ ಬೋನಸ್ ಖಾತ್ರಿಯ ಸಂಬಳವಲ್ಲ, ಮಿತಿಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಸೊನ್ನೆ.

ಎರಡು ಮಿತಿಗಳ ನಡುವೆ ಹಣಕ್ಕಿಂತ ದೊಡ್ಡ ವ್ಯತ್ಯಾಸವೊಂದಿದೆ. 50,700 ದಾಟಿದರೆ ಜರ್ಮನಿಯ ಉದ್ಯೋಗ ಇಲಾಖೆಯ, ಅಂದರೆ ಬುಂಡೆಸಾಗೆಂಟೂರ್‌ನ, ಒಪ್ಪಿಗೆ ಬೇಕಿಲ್ಲ. ಅದಕ್ಕಿಂತ ಕಡಿಮೆಯಾದರೆ ಬೇಕು. ಆ ಇಲಾಖೆ ನೋಡುವುದು ಇದೇ ಊರಿನಲ್ಲಿ, ಇದೇ ಕೆಲಸಕ್ಕೆ, ಇಷ್ಟೇ ಅನುಭವದ ಸ್ಥಳೀಯನಿಗೆ ಎಷ್ಟು ಕೊಡುತ್ತಾರೆ ಎಂಬುದನ್ನು. ಮ್ಯೂನಿಕ್ ಜರ್ಮನಿಯ ದುಬಾರಿ ಊರು. ಹತ್ತು ವರ್ಷದ ಅನುಭವದ ಎಂಜಿನಿಯರ್‌ಗೆ 48,500 ಅಂದರೆ ಅಲ್ಲಿನ ಅಧಿಕಾರಿಯ ಹುಬ್ಬು ಮೇಲೇರಬಹುದು. ಆದ್ದರಿಂದ ಕಂಪನಿಗೆ ಹೀಗೆ ಕೇಳಿ: ಬೋನಸ್ಸಿನಿಂದ 2,500 ಯೂರೋ ತೆಗೆದು ಖಾತ್ರಿ ಸಂಬಳಕ್ಕೆ ಸೇರಿಸಿ, 51,000 ಮಾಡಿಕೊಡಿ. ಗುರಿ ಮುಟ್ಟಿದರೆ ಬೋನಸ್ ಪೂರ್ತಿ ಕೊಡುವ ಕಂಪನಿಗೆ ಇದರಿಂದ ಹೆಚ್ಚು ಖರ್ಚಿಲ್ಲ, ನಿಮ್ಮ ಫೈಲಿನಿಂದ ಒಂದು ಇಲಾಖೆಯೇ ಹೊರಬೀಳುತ್ತದೆ. ಮಿತಿ ಪ್ರತಿ ಜನವರಿಯಲ್ಲಿ ಪರಿಷ್ಕಾರವಾಗುತ್ತದೆ. 2025ರಲ್ಲಿ 48,300 ಇತ್ತು, ಒಂದೇ ವರ್ಷದಲ್ಲಿ 2,400 ಏರಿತು. ಅರ್ಜಿ ವರ್ಷದ ಕೊನೆಗೆ ಹೋಗುವುದಾದರೆ ಇನ್ನಷ್ಟು ಅಂತರ ಇಟ್ಟುಕೊಳ್ಳಿ.

ಒಪ್ಪಂದದ ಜೊತೆ ಕಂಪನಿ ಇನ್ನೊಂದು ಫಾರಂ ತುಂಬಿ ಸಹಿ ಹಾಕಿ ಕೊಡಬೇಕು, ಉದ್ಯೋಗದ ವಿವರಗಳ ಘೋಷಣೆ ಅದು. ಅಲ್ಲಿನ ಸಂಬಳ, ವಾರದ ಗಂಟೆ, ಹುದ್ದೆಯ ಹೆಸರು ಒಪ್ಪಂದದಲ್ಲಿ ಇದ್ದಂತೆಯೇ ಇರಬೇಕು. ಒಂದರಲ್ಲಿ 'ಡೆವಲಪರ್', ಇನ್ನೊಂದರಲ್ಲಿ 'ಕನ್ಸಲ್ಟೆಂಟ್' ಎಂದಿದ್ದರೆ ವಾಪಸ್ ಪ್ರಶ್ನೆ ಬರುತ್ತದೆ. ಕೆಲಸ ಕನಿಷ್ಠ ಆರು ತಿಂಗಳದ್ದಾಗಿರಬೇಕು.

ಪದವಿಯ ವಿಷಯ. ವಿದೇಶಿ ಪದವಿಗಳ ಬಗ್ಗೆ ಜರ್ಮನಿಯ ಸರ್ಕಾರಿ ದತ್ತಸಂಚಯದ ಹೆಸರು ಅನಾಬಿನ್. ಅದರಲ್ಲಿ ಎರಡು ಪುಟ ಬೇಕು: ವಿಶ್ವವಿದ್ಯಾಲಯಕ್ಕೆ ಮಾನ್ಯತೆಯ ಗುರುತಾದ 'ಎಚ್ ಪ್ಲಸ್' ಇದೆ ಎಂದು ತೋರಿಸುವ ಪುಟ, ನಿಮ್ಮ ಪದವಿ ಜರ್ಮನ್ ಪದವಿಗೆ ಸಮ ಎಂದು ತೋರಿಸುವ ಪುಟ. ಹುಡುಕಬೇಕಾದದ್ದು ಪದವಿ ಕೊಟ್ಟ ವಿಶ್ವವಿದ್ಯಾಲಯವನ್ನು, ಓದಿದ ಕಾಲೇಜನ್ನಲ್ಲ. ಕಾಲೇಜಿನ ಹೆಸರು ಟೈಪ್ ಮಾಡಿ, ಏನೂ ಸಿಗದೆ ಗಾಬರಿಯಾಗುವವರು ಬಹಳ. ಎರಡರಲ್ಲಿ ಯಾವುದಾದರೂ ಪುಟ ಸಿಗದಿದ್ದರೆ, ಅಥವಾ ಗುರುತು 'ಎಚ್ ಪ್ಲಸ್ ಮೈನಸ್' ಎಂದಿದ್ದರೆ, ಬಾನ್ ನಗರದ ಝಡ್‌ಎಬಿ ಕಚೇರಿಯಿಂದ ಪದವಿ ಹೋಲಿಕೆಯ ಪತ್ರ ತರಿಸಬೇಕು. ಶುಲ್ಕ 208 ಯೂರೋ. ಪ್ರಾವಿಷನಲ್ ಸರ್ಟಿಫಿಕೇಟ್ ಇಟ್ಟು ಸುಮ್ಮನಿದ್ದವರು ಈಗಲೇ ಘಟಿಕೋತ್ಸವದ ಮೂಲ ಪದವಿ ಪತ್ರಕ್ಕೆ ಅರ್ಜಿ ಹಾಕುವುದು ಒಳ್ಳೆಯದು.

ಈಗ ಹೆಸರು. ಇದರ ಮೇಲೆ ಸ್ವಲ್ಪ ಹೊತ್ತು ಕೂರೋಣ, ಯಾಕೆಂದರೆ ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಇದು. ಜರ್ಮನ್ ಫಾರಂಗೆ ಎರಡು ಖಾನೆ: ಮನೆತನದ ಹೆಸರು, ಕರೆಯುವ ಹೆಸರು. ನಮ್ಮಲ್ಲಿ ಇರುವುದು ಊರು, ಅಪ್ಪ, ಆಮೇಲೆ ತಾನು. ಎಸ್‌ಎಸ್‌ಎಲ್‌ಸಿಯಲ್ಲಿ 'ಮಂಜುನಾಥ ಎಚ್. ಎಸ್.' ಎಂದಿದ್ದವರು ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ 'ಹೊಸಹಳ್ಳಿ ಸಿದ್ದಪ್ಪ ಮಂಜುನಾಥ' ಆಗುತ್ತಾರೆ, ಅಷ್ಟೂ ಗಿವನ್ ನೇಮ್ ಖಾನೆಯಲ್ಲಿ. ಪದವಿ ಪತ್ರದಲ್ಲಿ ಇಂಗ್ಲಿಷ್ ಕಾಗುಣಿತದ ಕೊನೆಗೊಂದು 'ಎ' ಹೆಚ್ಚು, ಆಧಾರ್‌ನಲ್ಲಿ ಅದು ಇಲ್ಲ. ಮದುವೆ ಪ್ರಮಾಣಪತ್ರದಲ್ಲಿ ಬರೀ 'ಮಂಜು'. ಮಗಳ ಹೆಸರಿನ ಕೊನೆಗೆ ಅಪ್ಪನ ಹೆಸರು, ಹೆಂಡತಿಯ ಹೆಸರಿನ ಕೊನೆಗೆ ಅವರ ಅಪ್ಪನ ಇನಿಷಿಯಲ್. ಒಂದೇ ಮನೆಯ ಮೂವರಿಗೆ ಮೂರು 'ಮನೆತನ'. ಅದು ಅಪರಾಧವಲ್ಲ, ಜರ್ಮನ್ ಕಾನೂನಿಗೆ ಎಲ್ಲರದೂ ಒಂದೇ ಸರ್‌ನೇಮ್ ಆಗಬೇಕೆಂಬ ಹಟವೂ ಇಲ್ಲ. ಆದರೆ ಇವರು ಗಂಡ, ಹೆಂಡತಿ, ಮಗಳು ಎಂದು ಹೆಸರಿನಿಂದ ಗೊತ್ತಾಗದು. ಕಾಗದವೇ ಹೇಳಬೇಕು, ಕಾಗದದಲ್ಲಿ ಅಕ್ಷರ ತಪ್ಪಬಾರದು.

ಸರ್‌ನೇಮ್ ಖಾಲಿ ಇದ್ದರೆ ವೀಸಾ ಸಿಗುವುದಿಲ್ಲ ಎಂದೇನಿಲ್ಲ. ಅಧಿಕಾರಿಗಳು ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ನಕಲು ಮಾಡುತ್ತಾರೆ, ಆಮೇಲೆ ಬ್ಯಾಂಕು, ವಿಮಾ ಕಂಪನಿ, ತೆರಿಗೆ ಕಚೇರಿ ತಮತಮಗೆ ತೋಚಿದ ಹಾಗೆ ಖಾನೆ ತುಂಬುತ್ತವೆ. ಒಬ್ಬರ ಪಾಲಿಗೆ ನೀವು 'ಹೇರ್ (ಶ್ರೀ) ಹೊಸಹಳ್ಳಿ', ಇನ್ನೊಬ್ಬರಿಗೆ 'ಹೇರ್ ಸಿದ್ದಪ್ಪ', ಅಂದರೆ ನಿಮ್ಮ ತಂದೆಯವರು. ಹತ್ತು ವರ್ಷ ಈ ಜಗಳ ಬೇಡವೆಂದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ, ಹೆಸರು ಎರಡು ಖಾನೆಗೆ ಒಡೆಸಿಕೊಳ್ಳಿ. 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಪೊಲೀಸ್ ವೆರಿಫಿಕೇಶನ್ ಮತ್ತೆ ಆಗಬಹುದು, ಅದಕ್ಕೆ ಸಮಯ ಬಿಡಿ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್ ಬರುವುದರಿಂದ ಒಪ್ಪಂದ, ಕಂಪನಿಯ ಫಾರಂ, ವೀಸಾ ಅರ್ಜಿ ಎಲ್ಲದರಲ್ಲೂ ಅದೇ ಹೆಸರು, ಅದೇ ನಂಬರ್ ಇರಲಿ. ಸರ್‌ನೇಮ್ ಆಗಿ ಯಾವುದನ್ನು ಇಡುವುದು? ಮಗಳ ಹೆಸರಿನ ಕೊನೆಗೆ ಈಗಾಗಲೇ ನಿಮ್ಮ ಹೆಸರಿದ್ದರೆ ನಿಮ್ಮ ಹೆಸರನ್ನೇ ಸರ್‌ನೇಮ್ ಖಾನೆಗೆ ಹಾಕುವುದು ನನ್ನ ಸಲಹೆ. ತಂದೆ ಮಗಳ ಸರ್‌ನೇಮ್ ಆಗ ಹೊಂದುತ್ತದೆ, ಶಾಲೆಯಲ್ಲೂ ವಿಮಾನ ನಿಲ್ದಾಣದಲ್ಲೂ ಪ್ರಶ್ನೆ ಕಡಿಮೆ. ಪದವಿ ಪತ್ರವನ್ನು ತಿದ್ದಿಸಲು ಬೆಳಗಾವಿಗೆ ಓಡಬೇಡಿ, 'ಈ ಎರಡೂ ಹೆಸರು ಒಬ್ಬನದೇ' ಎಂಬ ನೋಟರಿ ಅಫಿಡವಿಟ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಜೊತೆಗಿಡಿ.

ಮಗಳ ಜನನ ಪ್ರಮಾಣಪತ್ರವನ್ನು ಇವತ್ತೇ ತೆಗೆದು ನೋಡಿ. ನಮ್ಮಲ್ಲಿ ಆಸ್ಪತ್ರೆಯಿಂದಲೇ ಜನನ ನೋಂದಣಿ ಆಗಿಬಿಡುತ್ತದೆ, ನಾಮಕರಣ ಆಮೇಲೆ. ಹಾಗಾಗಿ ಮಗುವಿನ ಹೆಸರಿನ ಜಾಗ ಖಾಲಿಯಿರುವ ಪತ್ರಗಳು ಸಾವಿರಾರು ಮನೆಗಳಲ್ಲಿವೆ. ಹೆಸರು ಸೇರಿಸಲು ಮೊದಲ 12 ತಿಂಗಳು ಶುಲ್ಕವಿಲ್ಲ, 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ತಂದೆತಾಯಿಯ ಹೆಸರು ಇನಿಷಿಯಲ್‌ನಲ್ಲಿದ್ದರೆ ಅದನ್ನೂ ಪಾಸ್‌ಪೋರ್ಟಿಗೆ ಹೊಂದಿಸಿ. ಮದುವೆಗೆ ಕಲ್ಯಾಣ ಮಂಟಪದ ಫೋಟೋ, ಲಗ್ನಪತ್ರಿಕೆ ಸಾಲದು. ಉಪನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರ ಬೇಕು. ಅದರಲ್ಲಿ ಮದುವೆಯಾದ ದಿನ ಬೇರೆ, ನೋಂದಣಿ ದಿನ ಬೇರೆ ಇರುತ್ತದೆ. ಅರ್ಜಿಯಲ್ಲಿ ಕೇಳುವುದು ಮದುವೆಯಾದ ದಿನ. ಗಂಡ ಒಂದು, ಹೆಂಡತಿ ಇನ್ನೊಂದು ಬರೆದು ಸಿಕ್ಕಿಬೀಳುವುದುಂಟು. ಬರೀ ಕನ್ನಡದಲ್ಲಿರುವ ಹಳೆಯ ಕಾಗದಕ್ಕೆ ಅನುವಾದ ಮಾಡಿಸಿ. ಕಾಗದ ಅಸಲಿ ಎಂಬ ಮುದ್ರೆಗೆ, ಅಂದರೆ ಅಪೊಸ್ಟೀಲ್, ಅಟೆಸ್ಟೇಶನ್ ಎಂದು ಏಜೆಂಟರು ಹಣ ಕೇಳಿದರೆ, ಕಾನ್ಸುಲೇಟಿನ ಚೆಕ್‌ಲಿಸ್ಟಿನಲ್ಲಿ ಅದು ಇದೆಯೇ ನೋಡಿ, ಇದ್ದರೆ ಮಾತ್ರ ಮಾಡಿಸಿ.

ಅರ್ಜಿಯನ್ನು ಈಗ ಜರ್ಮನ್ ವಿದೇಶಾಂಗ ಕಚೇರಿಯ ಕಾನ್ಸುಲರ್ ಸರ್ವಿಸಸ್ ಪೋರ್ಟಲ್ ಮೂಲಕ ಆನ್‌ಲೈನ್ ಹಾಕಬಹುದು. ಸ್ಕ್ಯಾನ್ ಏರಿಸಿ, ಅವರು ನೋಡಿ, ಕೊರತೆ ಇದ್ದರೆ ಕೇಳಿ, ಆಮೇಲೆ ಬೆರಳಚ್ಚಿಗೆ ಕರೆಯುತ್ತಾರೆ. ಆಗ ಮೂಲ ಪ್ರತಿಗಳೂ ಕೈಯಲ್ಲಿರಬೇಕು. ವೀಸಾ ಶುಲ್ಕ ದೊಡ್ಡವರಿಗೆ 75 ಯೂರೋ, 18ರ ಒಳಗಿನವರಿಗೆ 37.50, ರೂಪಾಯಿಯಲ್ಲಿ ಕಟ್ಟುವುದು. ನಿಮ್ಮ ಮೂವರ ಸರ್ಕಾರಿ ಶುಲ್ಕ ಸೇರಿದರೂ 200 ಯೂರೋ ಮುಟ್ಟದು. ಏಜೆಂಟ್ ಕೇಳುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಕಂಪನಿಗೆ ಅವಸರವಿದ್ದರೆ 'ತ್ವರಿತ ತಜ್ಞ ಪ್ರಕ್ರಿಯೆ' ಎಂಬ ದಾರಿಯಿದೆ. ನಿಮ್ಮ ಅಧಿಕಾರಪತ್ರ ಪಡೆದು ಕಂಪನಿಯೇ ಅಲ್ಲಿನ ವಿದೇಶಿಯರ ಕಚೇರಿಗೆ 411 ಯೂರೋ ಕಟ್ಟಿ ಮುಂಗಡ ಒಪ್ಪಿಗೆ ತರುತ್ತದೆ. ಅದು ಕೈಗೆ ಬಂದ ಮೇಲೆ ಮೂರು ವಾರದೊಳಗೆ ಅಪಾಯಿಂಟ್‌ಮೆಂಟ್, ಪೂರ್ಣ ಅರ್ಜಿ ಕೊಟ್ಟ ಮೂರು ವಾರದೊಳಗೆ ಸಾಮಾನ್ಯವಾಗಿ ತೀರ್ಮಾನ. ಕುಟುಂಬವನ್ನೂ ಇದರಲ್ಲೇ ಸೇರಿಸಬಹುದು. ನಿಮ್ಮದು 51,000 ಆಗಿ, ಪದವಿ ಅನಾಬಿನ್‌ನಲ್ಲಿ ಸ್ಪಷ್ಟವಿದ್ದರೆ ಇದರ ಅಗತ್ಯ ಅಷ್ಟಿಲ್ಲ.

ಒಂದು ಎಚ್ಚರಿಕೆ: ವೀಸಾ ನಿರಾಕರಣೆಯಾದರೆ ಕಾನ್ಸುಲೇಟಿಗೇ ಮರುಪರಿಶೀಲನೆಯ ಪತ್ರ ಬರೆಯುವ ವ್ಯವಸ್ಥೆ 2025ರ ಜುಲೈ 1ರಿಂದ ರದ್ದಾಗಿದೆ. ಈಗ ಉಳಿದದ್ದು ಹೊಸ ಅರ್ಜಿ, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯ. 'ಮೊದಲು ಹಾಕಿ ನೋಡೋಣ, ಆಮೇಲೆ ಸರಿಮಾಡೋಣ' ಎಂಬ ಹಳೆಯ ಬುದ್ಧಿ ಇಲ್ಲಿ ನಡೆಯದು.

ವೀಸಾ ಅಂಟಿಸಿದ ಪಾಸ್‌ಪೋರ್ಟ್ ಕೈಗೆ ಬಂದಾಗ ಅಲ್ಲೇ ನಿಂತು ಓದಿ: ಹೆಸರು, ಶುರುವಾಗುವ ದಿನಾಂಕ, ಕಂಪನಿಯ ಹೆಸರು, ನಿವಾಸ ಕಾನೂನಿನಲ್ಲಿ ಬ್ಲೂ ಕಾರ್ಡಿನ ಕಲಂ 18ಜಿ. ಶುರುವಾಗುವ ದಿನಕ್ಕಿಂತ ಮುಂಚೆ ವಿಮಾನ ಹತ್ತಬೇಡಿ. ನಿಮ್ಮ ವೀಸಾದಲ್ಲಿ ಕೆಲಸದ ಅನುಮತಿ ಬರೆದಿದ್ದರೆ ಕಾರ್ಡ್ ಬರುವವರೆಗೆ ಕಾಯದೆ ಕೆಲಸಕ್ಕೆ ಸೇರಬಹುದು.

ಹೆಂಡತಿಯ ಜರ್ಮನ್ ಪರೀಕ್ಷೆ: ಬೇಡ. ಸಾಮಾನ್ಯವಾಗಿ ಸಂಗಾತಿಗೆ ಎ1, ಅಂದರೆ ಆರಂಭಿಕ ಮಟ್ಟದ ಪ್ರಮಾಣಪತ್ರ ಕೇಳುತ್ತಾರೆ, ಬ್ಲೂ ಕಾರ್ಡ್‌ನವರ ಸಂಗಾತಿಗೆ ವಿನಾಯಿತಿ ಇದೆ. ಅಲ್ಲಿಗೆ ಹೋದ ಮೇಲೆ ಅವರು ಯಾವ ಕೆಲಸ ಬೇಕಾದರೂ ಮಾಡಬಹುದು, ಬೇರೆ ಪರ್ಮಿಟ್ ಬೇಡ. ಮೂವರ ಅರ್ಜಿಯನ್ನು ಒಟ್ಟಿಗೆ ಹಾಕಿ, ಪ್ರಯಾಣ ಮಾತ್ರ ಬೇರೆ ಬೇರೆ ಮಾಡಿ. ನೀವು ಆರೆಂಟು ವಾರ ಮುಂಚೆ ಹೋಗಿ. ಕಾರಣ ಒಂದೇ, ಮನೆ. ಮ್ಯೂನಿಕ್‌ನಲ್ಲಿ ಮೂವರಿಗೆ ಮನೆ ಹುಡುಕುವುದು ಬೆಂಗಳೂರಿನಲ್ಲಿ ಜೂನ್ ತಿಂಗಳಿನಲ್ಲಿ ಶಾಲೆಯ ಸೀಟು ಹುಡುಕಿದಂತೆ. ಮಗುವನ್ನು ಕಟ್ಟಿಕೊಂಡು ಆ ಓಡಾಟ ಬೇಡ. ಹೆಂಡತಿ ಮಗಳ ವೀಸಾ ಎಷ್ಟು ದಿನದೊಳಗೆ ಬಳಸಬೇಕು ಎಂಬುದನ್ನು ಸ್ಟಿಕ್ಕರ್ ನೋಡಿ ಟಿಕೆಟ್ ತೆಗೆಯಿರಿ. ಅವರು ಬರುವವರೆಗೆ ನೀವು ಒಂಟಿಯವರ ತೆರಿಗೆ ವರ್ಗದಲ್ಲೇ, ಅಂದರೆ ಒಂದನೇ ವರ್ಗದಲ್ಲೇ ಇರುತ್ತೀರಿ. ಬಂದು ನೋಂದಾಯಿಸಿದ ಮೇಲೆ ಮೂರನೇ ವರ್ಗಕ್ಕೆ ಬದಲಿಸಿದರೆ ತಿಂಗಳ ಕೈಗೆ ಬರುವ ಹಣ ಚೆನ್ನಾಗಿ ಏರುತ್ತದೆ. ಹಾಗಾಗಿ ವರ್ಷಗಟ್ಟಲೆ ಮುಂದೂಡುವುದೂ ಜಾಣತನವಲ್ಲ.

ಅಲ್ಲಿ ಇಳಿದ ಮೇಲೆ ಎಲ್ಲವೂ ಒಂದು ವಿಳಾಸದಿಂದ ಶುರು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು, ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್, ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸ ಮಾಡಿಕೊಳ್ಳಿ. ಬಾಡಿಗೆ ಕರಾರು ಇದರ ಬದಲಿಗೆ ನಡೆಯುವುದಿಲ್ಲ. ಮೊದಲ ತಿಂಗಳಿಗೆಂದು ಬುಕ್ ಮಾಡುವ ಸರ್ವಿಸ್ ಅಪಾರ್ಟ್‌ಮೆಂಟ್‌ಗಳಲ್ಲಿ ಹಲವರು ಈ ಪತ್ರ ಕೊಡುವುದಿಲ್ಲ. ಹಣ ಕಟ್ಟುವ ಮುಂಚೆ ಇದೊಂದನ್ನು ಲಿಖಿತವಾಗಿ ಕೇಳಿ. ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆ ಬಾರದು, ನಿವಾಸದ ಕಾರ್ಡಿನ ಕೆಲಸವೂ ಕದಲದು. ಶಾಶ್ವತ ಮನೆಗೆ ಡಿಪಾಸಿಟ್ ಕಾನೂನಿನ ಪ್ರಕಾರ ಹೀಟಿಂಗ್ ಮುಂತಾದ ವೆಚ್ಚ ಬಿಟ್ಟು ಮೂರು ತಿಂಗಳ ಬಾಡಿಗೆ ಮೀರಬಾರದು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ ರೂಢಿಯಾದವರಿಗೆ ಇದೊಂದು ಸಮಾಧಾನ.

ಮನೆಯ ಅಂಚೆಪೆಟ್ಟಿಗೆಯ ಮೇಲೆ ಅವತ್ತೇ ಹೆಸರು ಅಂಟಿಸಿ. ಜರ್ಮನಿಯಲ್ಲಿ ಫ್ಲ್ಯಾಟ್ ನಂಬರ್ ನೋಡಿ ಅಂಚೆ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ತೆರಿಗೆ ಸಂಖ್ಯೆಯ ಪತ್ರ, ಬ್ಯಾಂಕಿನ ಪಿನ್, ವಿಮೆಯ ಕಾರ್ಡ್ ಎಲ್ಲ ವಾಪಸ್. ಮೂವರ ಸರ್‌ನೇಮ್ ಮೂರಾದರೆ ಮೂರನ್ನೂ ಬರೆಯಿರಿ. ಎರಡು ವಾರವಾದರೂ ತೆರಿಗೆ ಸಂಖ್ಯೆ ಬಂದಿಲ್ಲವೆಂದು ಪರದಾಡುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಅದೇ ಪೆಟ್ಟಿಗೆಗೆ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕದ ಪತ್ರವೂ ಬರುತ್ತದೆ. ಟಿವಿ ಇಲ್ಲದಿದ್ದರೂ ಕಟ್ಟಬೇಕು, ಮನೆಗೆ ಒಂದೇ.

ಆರೋಗ್ಯ ವಿಮೆ: ಇಳಿದ ದಿನದಿಂದ ಕೆಲಸ ಶುರುವಾಗುವ ದಿನದವರೆಗೆ ಪ್ರಯಾಣ ವಿಮೆ, ಕೆಲಸದ ಮೊದಲ ದಿನದಿಂದ ಸರ್ಕಾರಿ ವ್ಯವಸ್ಥೆಯ ವಿಮೆ. 2026ರಲ್ಲಿ 77,400 ಯೂರೋ ಒಳಗಿನ ಸಂಬಳದವರು ಸರ್ಕಾರಿ ವ್ಯವಸ್ಥೆಯಲ್ಲೇ ಇರಬೇಕು. ಹೆಂಡತಿಗೆ ಆದಾಯ ಇಲ್ಲದಷ್ಟು ಕಾಲ ಅವರೂ ಮಗಳೂ ನಿಮ್ಮ ವಿಮೆಯಲ್ಲೇ ಹೆಚ್ಚುವರಿ ಹಣವಿಲ್ಲದೆ ಸೇರುತ್ತಾರೆ. ಅಗ್ಗವೆಂದು 'ಎಕ್ಸ್‌ಪ್ಯಾಟ್' ವಿಮೆ ಕೊಂಡರೆ ಕಾರ್ಡಿನ ಅರ್ಜಿಯಲ್ಲಿ ಅದು ಒಪ್ಪಿಗೆಯಾಗದು. ಮಗಳ ಹೆಸರಲ್ಲಿ ಕಿಂಡರ್‌ಗೆಲ್ಡ್, ಅಂದರೆ ಮಕ್ಕಳ ಭತ್ಯೆ, ತಿಂಗಳಿಗೆ 259 ಯೂರೋ, ಅರ್ಜಿ ಹಾಕಿದರೆ ಸಿಗುತ್ತದೆ. ತಡವಾದರೆ ಹಿಂದಿನ ಆರು ತಿಂಗಳಿಗೆ ಮಾತ್ರ. ಶಿಶುವಿಹಾರದ ಜಾಗಕ್ಕೆ ನಗರದ 'ಕಿಟಾ ಫೈಂಡರ್ ಪ್ಲಸ್' ಪೋರ್ಟಲಿನಲ್ಲಿ ವಿಳಾಸ ಸಿಕ್ಕ ವಾರದಲ್ಲೇ ಹೆಸರು ಹಾಕಿ.

ಬ್ಲೂ ಕಾರ್ಡಿಗೆ ಅರ್ಜಿ ಮ್ಯೂನಿಕ್ ನಗರದ ವಿದೇಶಿಯರ ಕೆಲಸ ನೋಡುವ ಕೆವಿಆರ್ ಕಚೇರಿಗೆ, ಆನ್‌ಲೈನ್. ಮೊದಲ ತಿಂಗಳಲ್ಲೇ ಹಾಕಿ, ಅಪಾಯಿಂಟ್‌ಮೆಂಟ್ ಬರಲು ಕಾಯಬೇಕಾಗುತ್ತದೆ. ಶುಲ್ಕ ಸುಮಾರು 100 ಯೂರೋ, ಬೆರಳಚ್ಚು ಕೊಟ್ಟ ಮೇಲೆ ಕಾರ್ಡ್ ಬರ್ಲಿನ್‌ನಲ್ಲಿ ಮುದ್ರಣವಾಗಿ ಬರಲು ಕೆಲವು ವಾರ. 2025ರ ಮೇ 1ರಿಂದ ಕಾಗದದ ಫೋಟೋ ನಡೆಯುವುದಿಲ್ಲ, ಡಿಜಿಟಲ್ ಫೋಟೋ ಮಾತ್ರ, ಹಾಗಾಗಿ ಊರಿನ ಸ್ಟುಡಿಯೋದಲ್ಲಿ ಡಜನ್ ಪ್ರತಿ ಹಾಕಿಸಿಕೊಂಡು ಹೋಗಬೇಡಿ. ವೀಸಾ ಮುಗಿಯುವ ಮುಂಚೆ ಅರ್ಜಿ ತಲುಪಿದ್ದರೆ ನಿಮ್ಮ ಹಕ್ಕು ಮುಂದುವರಿಯುತ್ತದೆ. ಕಾರ್ಡ್ ಬರುವ ಮುಂಚೆ ವೀಸಾ ಮುಗಿದರೆ ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ, ಹಕ್ಕು ಮುಂದುವರಿದಿದೆ ಎಂದು ತೋರಿಸುವ ಮಡಚಿದ ಕಾಗದ ಕೇಳಿ ಪಡೆಯಿರಿ. ಅದರಲ್ಲಿ ಗುರುತು ಕಲಂ 81ರ ನಾಲ್ಕನೇ ಉಪಕಲಮಿಗೆ ಬಿದ್ದಿರಬೇಕು. ಆಗಷ್ಟೇ ಊರಿಗೆ ಬಂದು ವಾಪಸ್ ಹೋಗಲು ಸಾಧ್ಯ. ಮೂರನೇ ಉಪಕಲಮಿಗೆ ಬಿದ್ದಿದ್ದರೆ ದೀಪಾವಳಿಗೆ ಬಂದವರು ಮತ್ತೆ ವೀಸಾ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಕಾರ್ಡ್ ಗರಿಷ್ಠ ನಾಲ್ಕು ವರ್ಷಕ್ಕೆ. ಒಪ್ಪಂದ ಅದಕ್ಕಿಂತ ಚಿಕ್ಕದಾದರೆ ಒಪ್ಪಂದದ ಅವಧಿಯ ಮೇಲೆ ಮೂರು ತಿಂಗಳು. ಮೊದಲ 12 ತಿಂಗಳಲ್ಲಿ ಕಂಪನಿ ಬದಲಿಸಿದರೆ ಕಚೇರಿಗೆ ತಿಳಿಸಬೇಕು, ಅವರು 30 ದಿನ ತಡೆದು ಪರಿಶೀಲಿಸಬಹುದು. ಕೆಲಸ ಹೋದರೆ ಮುಚ್ಚಿಡಬೇಡಿ. ಗೊತ್ತಾದ ಎರಡು ವಾರದೊಳಗೆ ನೀವು, ನಾಲ್ಕು ವಾರದೊಳಗೆ ಕಂಪನಿ ತಿಳಿಸಬೇಕು ಎಂದು ಕಾನೂನೇ ಹೇಳುತ್ತದೆ. ಕಾರ್ಡ್ ಆ ಕ್ಷಣ ಸಾಯುವುದಿಲ್ಲ, ಹೊಸ ಕೆಲಸ ಹುಡುಕಲು ತಿಂಗಳುಗಳ ಕಾಲಾವಕಾಶ ಇರುತ್ತದೆ. ಯುರೋಪಿಯನ್ ಒಕ್ಕೂಟದ ನಿರ್ದೇಶನದಂತೆ ಎರಡು ವರ್ಷ ತುಂಬದವರಿಗೆ ಮೂರು ತಿಂಗಳು, ತುಂಬಿದವರಿಗೆ ಆರು.

ಪರ್ಮನೆಂಟ್ ನಿವಾಸಕ್ಕೆ ಎ1 ಮಟ್ಟದ ಜರ್ಮನ್ ಇದ್ದರೆ 27 ತಿಂಗಳು, ಅದಕ್ಕಿಂತ ಎರಡು ಮೆಟ್ಟಿಲು ಮೇಲಿನ ಬಿ1 ಇದ್ದರೆ 21 ತಿಂಗಳು. ಅಷ್ಟೂ ತಿಂಗಳು ಪಿಂಚಣಿ ನಿಧಿಗೆ ಹಣ ಹೋಗಿರಬೇಕು, ನಿಮ್ಮ ಪಾಲು ಸಂಬಳದ 9.3 ಶೇಕಡ, ತಾನಾಗಿಯೇ ಕಡಿತವಾಗುತ್ತದೆ. ಜರ್ಮನ್ ಸಮಾಜದ ಬಗೆಗಿನ 33 ಪ್ರಶ್ನೆಗಳ ಪರೀಕ್ಷೆಯೂ ಒಂದಿದೆ, ಇದಕ್ಕೆ 15 ಸರಿಯಾದರೆ ಸಾಕು. ಎ1ಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೇ ಈಗ ಸೇರಿಕೊಳ್ಳಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಕಾನೂನು ಕೇಳದಿದ್ದರೂ ಮಗುವಿನ ಡಾಕ್ಟರ ರಿಸೆಪ್ಶನ್‌ನಲ್ಲಿ ಕೇಳುತ್ತಾರೆ. ಪೌರತ್ವ ಬೇರೆ ಮಾತು. ಐದು ವರ್ಷದ ಮೇಲೆ ಅರ್ಜಿ ಹಾಕಬಹುದು, ಮೂರು ವರ್ಷದ ಅವಸರದ ದಾರಿಯನ್ನು 2025ರಲ್ಲಿ ಮುಚ್ಚಿದರು. ಜರ್ಮನಿ ಎರಡು ಪೌರತ್ವಕ್ಕೆ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಆ ದಿನ ಈಗ ಸರಿಮಾಡಿಸುವ ಇದೇ ಪಾಸ್‌ಪೋರ್ಟನ್ನು ಒಪ್ಪಿಸಿ, ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕಾಗುತ್ತದೆ, ಆ ಫಾರಂನಲ್ಲೂ ಸರ್‌ನೇಮ್ ಖಾನೆ ಇದೆ.